ಈರುಳ್ಳಿ ಗದ್ದೆಯ ತಪ್ಪಲೆ

ನೆಂಟರೆಲ್ಲ ಹೋಗಿದ್ದರು. ಹದಿಮೂರು ದಿನಗಳ ನಂತರ ಮೊದಲ ಬಾರಿಗೆ ಮನೆಯಲ್ಲಿ ಯಾರೂ ‘ನೀ ಕೂತ್ಕೊ’ ಎನ್ನಲಿಲ್ಲ. ಹಾಗಾಗಿ ಎದ್ದು ಈರುಳ್ಳಿ ಗದ್ದೆಗೆ ಹೋದೆ.

ಕಡಲ ಪಕ್ಕದ ಹಾರವಾಡದ ನಮ್ಮ ಬಾವಿಯಲ್ಲಿ ಮಾರ್ಚಿಗೆ ಹೆಚ್ಚು ನೀರೆತ್ತಿದರೆ ಉಪ್ಪು ಬರುತ್ತದೆ. ಅದಕ್ಕೇ ಆ ವರ್ಷ, ೨೦೦೬ರಲ್ಲಿ, ನನ್ನ ಗಂಡ ಉಮೇಶ ಅಳೆದು ನೀರು ಹಾಕುತ್ತಿದ್ದ. ಉಪಾಯ ನನ್ನದು, ಧಾರವಾಡದಲ್ಲಿ ಕೃಷಿ ಓದಿದ್ದೆ. ಬದುವಿನ ಮೇಲೆ ನೀರು ತುಂಬಿದ ಪಾತ್ರೆ ಇಡುವುದು, ಬಿಸಿಲಿಗೆ ಆರಿ ಅದು ಒಂದು ಗೆರೆ ಇಳಿದಾಗ ಮಾತ್ರ ಗದ್ದೆಗೆ ನೀರು. ಪಾತ್ರೆ ಪಕ್ಕದ ಮನೆಯ ತಿಮ್ಮಕ್ಕನದು. ಅನ್ನದ ದೊಡ್ಡ ತಪ್ಪಲೆ. ಎರಡು ದಿನಕ್ಕೆಂದು ಕೇಳಿ ತಂದವನು ಒಳಗೆ ಮೊಳೆಯಿಂದ ಗೆರೆ ಕೊರೆದು ಮೂರು ತಿಂಗಳು ಇಟ್ಟುಕೊಂಡಿದ್ದ.

‘ನಾಳೆಯಿಂದ ನೀರು ಬಂದ್’ ಎಂದಿದ್ದ. ಬೆಳೆ ಬಲಿತು ಎಲೆ ಬಾಗತೊಡಗಿತ್ತು. ಗಡ್ಡೆಯ ಕುತ್ತಿಗೆ ಒಣಗಿದರೆ ಗೊಂಚಲು ಕಟ್ಟಿ ಮಳೆಗಾಲದವರೆಗೆ ತೂಗಿಡಬಹುದು. ಒಣಗದಿದ್ದರೆ ಕೊಳೆಯುತ್ತದೆ. ಮರುದಿನ ಅಂಕೋಲೆಗೆ ಬೈಕಿನಲ್ಲಿ ಹೋದವನು ಜೀವಂತ ಮರಳಲಿಲ್ಲ. ಅವನು ನೆಟ್ಟದ್ದೆಂದು ಉಳಿದದ್ದು ಈ ಒಂದು ಗುಂಟೆ ಈರುಳ್ಳಿ.

ಮಣ್ಣಿಗೆ ಬೆರಳು ಊರಿದೆ. ಕೆಸರು.

ತಿಮ್ಮಕ್ಕ ಕೊಡ ಹೊತ್ತು ಬಂದಳು.

“ಇದೆಂತ ತಿಮ್ಮಕ್ಕಾ?”

“ನೀ ಒಳಗೆ ಕೂತಿದ್ದೆ. ಗದ್ದೆ ಒಣಗೂಕೆ ಬಿಡೂದಾ? ದಿನಾ ಬೆಳಿಗ್ಗೆ ಇಪ್ಪತ್ತು ಕೊಡ ಹೊಯ್ದೆ. ಹೇಳ್ಕೊಂಡು ತಿರಗೂದು ಎಂತಕ್ಕೆ ಅಂತ ಸುಮ್ನಿದ್ದೆ.”

ಹಿಂದೆಯೇ ಬಂದ ಅವಳ ಗಂಡ ಸುಕ್ರಣ್ಣ ಕತ್ತು ಕೆರೆದುಕೊಂಡ. “ನಾ ಸಂಜಿಗೆ ಮೂವತ್ತು ಹೊಯ್ತಿದ್ದೆ.”

“ನೀವಾ! ಮನೇಲಿ ಒಂದು ತಂಬಿಗೆ ನೀರು ಬೇಕಾದ್ರೆ ನನ್ನ ಕರೀತ್ರಿ!”

ಅವರಿಗೆ ಹೇಳುವುದು ಕಷ್ಟವಾಯಿತು. “ನೀರು ಸಾಕು. ಈಗ ಒಣಗ್ಬೇಕು. ಅವರು ಹೇಳಿದ್ರು.”

ತಿಮ್ಮಕ್ಕ ಕೊಡ ಇಳಿಸಿ, ಬಲೆ ಕಟ್ಟಿದ್ದ ತಪ್ಪಲೆಯನ್ನು ಬಗ್ಗಿ ನೋಡಿದಳು. “ಕಾಗೆ ಬಂದು ಇದ್ರ ನೀರು ಕುಡಿದ್ರೆ, ಗೆರೆ ಇಳೀತು ಅಂತ ಗದ್ದೆಗೆ ನೀರು ಹೊಯ್ದವ ಅಂವ. ಈ ಬಲೆ ಕಟ್ಟಿದ್ದು ಆಮೇಲೆ. ಅವನ ಮಾತು ಕೇಳೂದಾ?”

“ಕೇಳುವಾ.”

ಅವಳು ಕೊಡದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು.

ಮೂವರೂ ಸಾಲಿನ ನಡುವಿನ ಮಣ್ಣು ಸಡಿಲಿಸಿದೆವು. ಆಮೇಲೆ ಕಾಯುವುದೊಂದೇ ಕೆಲಸ. ಅದು ತಿಮ್ಮಕ್ಕನಿಗೆ ಆಗದು. ದಿನಾ ಬದುವಿಗೆ ಬಂದು ಕೇಳುವಳು: “ಒಂದೇ ಕೊಡ?”

“ಬೇಡ.”

“ಅರ್ಧ?”

ಹನ್ನೆರಡನೆಯ ದಿನ ಕಿತ್ತೆವು. ಕಾಲು ಭಾಗ ಕೊಳೆತಿತ್ತು. ಉಳಿದವುಗಳ ಕುತ್ತಿಗೆ ಹುಲ್ಲಿನಂತೆ ಒಣಗಿತ್ತು. ಗೊಂಚಲು ಕಟ್ಟಿ ಅಡುಗೆಮನೆಯಲ್ಲಿ ತೂಗಿಸಿದೆ.

ತಪ್ಪಲೆ ತಿಕ್ಕಿದೆ. ಗೆರೆ ಹೋಗಲಿಲ್ಲ. ಬರಿಪಾತ್ರೆ ಕೊಡಬಾರದೆಂದು ಎರಡು ಗೊಂಚಲು ಇಟ್ಟು ಒಯ್ದೆ.

ತಿಮ್ಮಕ್ಕ ಒಳಗೆ ಕೈಹಾಕಿ ಗೆರೆಯ ಮೇಲೆ ಬೆರಳಾಡಿಸಿದಳು.

“ಹಾಳಾಯ್ತು, ತಿಮ್ಮಕ್ಕಾ.”

“ಇರ್ಲಿ ತಂಗೀ. ಅನ್ನಕ್ಕೆ ನೀರು ಎಲ್ಲಿವರೆಗೆ ಅಂತ ಇನ್ನು ಇವ್ರಿಗೂ ಗೊತ್ತಾಗ್ತದೆ,” ಎಂದು ಜಗುಲಿಯಲ್ಲಿದ್ದ ಸುಕ್ರಣ್ಣನಿಗೆ ಕೇಳುವಂತೆ ಹೇಳಿ, ತಪ್ಪಲೆ ಒಳಗೆ ಒಯ್ದಳು.