ಮಗ್ಗ ನಿಲ್ಲಿಸಿದ ಮಧ್ಯಾಹ್ನ

ಬನಹಟ್ಟಿಯ ಪೇಟೆಯಿಂದ ನೂಲಿನ ಚೀಲ ಹೇರಿಕೊಂಡು ಬಂದ ಚಿದಾನಂದ, ಬೈಕು ನಿಲ್ಲಿಸುವ ಮೊದಲೇ ತನ್ನ ಮನೆಯ ಹೊಸ್ತಿಲ ಬಳಿ ಆ ಚಪ್ಪಲಿಗಳನ್ನು ಕಂಡ. ಹಸಿರು ಬಾರಿನ, ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ. ಅವು ಯಾರವೆಂದು ಆ ಓಣಿಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಚೀಲ ಇಳಿಸುವುದನ್ನೂ ಮರೆತು ನಿಂತುಬಿಟ್ಟ.

ಚಪ್ಪಲಿ ಪದ್ಮವ್ವನವು. ಮಿರಜದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದವಳು. ಡಾಕ್ಟರು ಕೈಚೆಲ್ಲಿದವರ ಜೊತೆ ಕೊನೆಯ ದಿನಗಳಲ್ಲಿ ಹೇಗಿರಬೇಕೆಂಬುದನ್ನು ಅಲ್ಲಿಯೇ ಕಲಿತು ಊರಿಗೆ ಮರಳಿದ್ದಳು. ಕರೆದ ಮನೆಗೆ ಹೋಗಿ ಕೂತು ಮೈ ಒರೆಸುವುದು, ಒಣಗಿದ ತುಟಿಗೆ ನೀರು ಹಚ್ಚುವುದು, ಹೋಗುವವರು ಏನು ಹೇಳಿದರೂ ಕೇಳುವುದು, ಅಂಜಿದ ಮನೆಯವರಿಗೆ ಮುಂದೆ ಏನಾಗುತ್ತದೆಂದು ತಿಳಿಸಿ ಹೇಳುವುದು, ಇದು ಅವಳ ಕೆಲಸ. ಇಷ್ಟು ಮಾಡಿದ್ದಕ್ಕೆ ಓಣಿ ಕೊಟ್ಟ ಬಹುಮಾನವೆಂದರೆ, ಅವಳು ಎದುರಿಗೆ ಬಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅವಳು ಕಾಲಿಟ್ಟ ಮನೆಯಲ್ಲಿ ಎಂಟು ದಿನದೊಳಗೆ ಹೆಣ ಬೀಳುತ್ತದಂತೆ. ಅವಳನ್ನು ಕರೆಯುವುದೇ ಸಾಯುವವರಿರುವ ಮನೆಗೆ ಎಂಬುದು ಆ ಜಾಣರ ಯಾರ ತಲೆಗೂ ಹೊಳೆದಿರಲಿಲ್ಲ.

ಒಳಗೆ ಮಲಗಿದ್ದವಳು ಚಿದಾನಂದನ ತಾಯಿ ಇಂದ್ರವ್ವ. ಹೊಟ್ಟೆಯ ಕ್ಯಾನ್ಸರ್. ಹದಿನೈದು ದಿನಗಳ ಹಿಂದೆ ಬೆಳಗಾವಿಯ ಡಾಕ್ಟರು ನೋವಿನ ಔಷಧ ಬರೆದುಕೊಟ್ಟು, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದಿದ್ದರು. ಹೊಟ್ಟೆಯ ಹುಣ್ಣು, ಯುಗಾದಿಗೆ ಎದ್ದು ಓಡಾಡುತ್ತೀ ಎಂದು ಚಿದಾನಂದ ತಾಯಿಗೆ ಹೇಳಿದ್ದ. ಅಂದಿನಿಂದ ಅವಳ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ. ಮಾತ್ರೆ ಹಿಡಿದು ಬಾಗಿಲವರೆಗೆ ಹೋಗುವುದು, ಹೆಂಡತಿ ಅಕ್ಷತಾಳ ಕೈಗೆ ಕೊಟ್ಟು ತಿರುಗಿ ಬರುವುದು. ಆಮೇಲೆ ನಾಲ್ಕೂ ಪವರ್‌ಲೂಮ್ ಮಗ್ಗಗಳನ್ನು ಸಂಜೆಯವರೆಗೆ ಬಿಡದೆ ನಡೆಸುತ್ತಿದ್ದ; ಪೇಟೆಗೆ ಹೋಗುವಾಗಲೂ ನಿಲ್ಲಿಸದೆ ಅಕ್ಷತಾಳಿಗೆ ಒಪ್ಪಿಸಿ ಹೋಗುತ್ತಿದ್ದ. ಕೆಲಸ ಬಾಳ ಐತಿ ಎನ್ನುತ್ತಿದ್ದ. ನಿಜ ಬೇರೆಯೇ ಇತ್ತು. ಮಗ್ಗ ನಿಂತರೆ ತಾಯಿಯ ನರಳಾಟ ಕೇಳುತ್ತದೆಂದು ಅವನಿಗೆ ಭಯ.

ಇನ್ನೊಂದು ಭಯವೂ ಇತ್ತು. ಕರೆಂಟು ಹೋದರೆ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಕೆಲಸದ ದಿನ ಒಂದೇ ಮನೆಯ ಮಗ್ಗ ನಿಂತಿತೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ತಾಯಿ ಉಸಿರಾಡುತ್ತಿರುವಾಗ ಮಗ್ಗ ನಿಲ್ಲಿಸಿದರೆ ತಾನೇ ಸಾವನ್ನು ಕರೆದಂತಾಗುತ್ತದೆ ಎಂದು ಅವನು ಗಟ್ಟಿಯಾಗಿ ನಂಬಿದ್ದ.

ಅಕ್ಷತಾಳನ್ನು ಮಗ್ಗದ ಕೋಣೆಗೆ ಕರೆದು, ಯಾರನ್ನು ಕೇಳಿ ಆಕೆಯನ್ನು ಕರೆಸಿದೆ ಎಂದು ಹರಿಹಾಯ್ದ. ಅಕ್ಷತಾ ಸೆರಗಿನಿಂದ ಕೈ ಒರೆಸಿಕೊಂಡಳು.

"ಅತ್ತಿ ಮೂರು ದಿನದಿಂದ ಏನೋ ಹೇಳಬೇಕಂತಾರ. ನನಗ ಹೇಳೂದಿಲ್ಲ, ನಿಮ್ಮನ್ನ ಕೇಳ್ತಾರ. ನೀವು ಒಳಗ ಬರೂದಿಲ್ಲ. ಒಬ್ಬಾಕಿ ಅವರ ಕಡೆ ಕುಂಡ್ರಾಕ ನನಗೂ ಅಂಜಿಕಿ ಬರ್ತೈತ್ರೀ."

ಅಷ್ಟರಲ್ಲಿ ಪಕ್ಕದ ಮನೆಯ ಧರೆಪ್ಪ ಬಂದ. ಅವನಿಗೂ ಚಪ್ಪಲಿ ಕಂಡಿತ್ತು. ಎರಡು ಮನೆಗಳ ನಡುವೆ ಒಂದೇ ಗೋಡೆ. ಅದರ ಆ ಬದಿಯಲ್ಲಿ ಅವನ ಮುದಿ ತಂದೆಯೂ ವರ್ಷದಿಂದ ಹಾಸಿಗೆ ಹಿಡಿದಿದ್ದ.

"ಚಿದೂ, ಇರೂ ನಾಕು ದಿನಾನರ ನಿಮ್ಮವ್ವ ಧೈರ್ಯಾದಿಂದ ಇರ್ಲಿ. ನೀ ಸಾಯ್ತೀ ಅಂತ ಮಾರಿ ಮ್ಯಾಲ ಹೇಳಾಕ ಬರ್ತೈತೇನು? ನಾ ನಮ್ಮಪ್ಪಗ ದಿನಾ ಆರಾಮ ಆಗ್ತೀ ಅಂತನ ಹೇಳ್ತೇನಿ," ಎಂದು ತಗ್ಗಿದ ದನಿಯಲ್ಲಿ ಹೇಳಿ ಹೊರಟುಹೋದ. ಕೆಟ್ಟ ಮನುಷ್ಯನಲ್ಲ. ಚಿದಾನಂದನಷ್ಟೇ ಅಂಜಿದ ಮನುಷ್ಯ.

ಪದ್ಮವ್ವ ಹೊರಗೆ ಬಂದು ಒಂದೇ ಒಂದು ಮಾತು ಕೇಳಿದಳು.

"ತಮ್ಮಾ, ಮಗ್ಗ ಒಂದು ತಾಸು ಬಂದ್ ಮಾಡ್ತೀಯೇನು?"

"ಅವ್ವ ಇನ್ನೂ ಅದಾಳ್ರೀ ಪದ್ಮಕ್ಕ. ಇದ್ದಾಗ ಬಂದ್ ಮಾಡಬಾರದು."

"ಹೋದ ಮ್ಯಾಲ ಬಂದ್ ಮಾಡಿ ಏನು ಮಾಡ್ತಿ? ಆಕಿ ದನಿ ಸಣ್ಣ ಆಗೈತಿ. ಈ ಸಪ್ಪಳದಾಗ ನನಗ ಕೇಳವಲ್ಲದು, ಇನ್ನ ನಿನಗೆಲ್ಲಿ ಕೇಳಬೇಕು."

ತಾಯಿ ಏನು ಹೇಳುತ್ತಾಳೆಂದು ಅವನು ಕೇಳಿದ. ಅದನ್ನು ಹೇಳುವುದು ತನ್ನ ಕೆಲಸವಲ್ಲ ಎಂದಳು ಪದ್ಮವ್ವ. "ನಾ ಬಾಗಿಲದಾಗ ಕುಂತಿರ್ತೇನಿ. ನಿನಗ ಆಗಲಿಲ್ಲಂದ್ರ ನನ್ನ ಕಡೆ ನೋಡು."

ಅವನು ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿದ. ಒಂದು, ಎರಡು, ಮೂರು, ನಾಲ್ಕು. ಮನೆ ಒಮ್ಮೆಲೇ ಭಣಗುಟ್ಟಿತು. ಒಳಕೋಣೆಯಿಂದ ತಾಯಿಯ ಉಸಿರು ಕೇಳಿಸಿತು. ಅವನು ಹೆದರಿದಂತೆ ಅದು ನರಳಾಟವಾಗಿರಲಿಲ್ಲ, ಬರೀ ದಣಿದ ಉಸಿರು.

ಹಣೆಗೆ ವಿಭೂತಿ ಹಚ್ಚಿಸಿಕೊಂಡು ಇಂದ್ರವ್ವ ಬಾಗಿಲನ್ನೇ ನೋಡುತ್ತಿದ್ದಳು. ಅವನು ಹೋಗಿ ಮಂಚದ ತುದಿಯಲ್ಲಿ ಕೂತ. ಆರಾಮ ಆಗ್ತೀ ಎಂಬ ಹಳೆಯ ಮಾತು ಬಾಯಿಗೆ ಬಂದಿತ್ತು. ಅವಳು ಕೈಯೆತ್ತಿ ತಡೆದಳು.

"ನಿಮ್ಮಪ್ಪ ಹೋದಾಗ ನಾವಿಬ್ಬರೂ ಮಗ್ಗದ ಕಡೆ ಇದ್ವಿ. ಕರದಿದ್ನೋ ಏನೋ, ಯಾರಿಗೂ ಕೇಳಲಿಲ್ಲ. ಚಾ ಒಯ್ದು ನೋಡಿದ್ರ ತಣ್ಣಗಾಗಿದ್ದ. ನಾನೂ ಹಂಗ ಹೋಗ್ತೀನೇನೋ ಅಂತ ಅಂಜಿಕಿ ಚಿದೂ. ಸಾಯಾಕಲ್ಲ."

ಅಪ್ಪ ಸತ್ತಂದಿನಿಂದ ಹನ್ನೊಂದು ವರ್ಷ ಅವನು ಯಾರ ಮುಂದೆಯೂ ಆಡದೆ ಹೊತ್ತ ಮಾತದು. ಈ ಕೋಣೆಗೆ ಬರಲು ಅವನ ಕಾಲು ಏಳದಿದ್ದುದೂ ಅದಕ್ಕೇ. ಅವನು ಪದ್ಮವ್ವನ ಕಡೆ ನೋಡಿದ. ಅವಳು ಕೂತಲ್ಲೇ ಇದ್ದಳು.

"ನನಗೂ ಅಂಜಿಕಿ ಆಗೇತಿ ಯವ್ವಾ," ಎಂದ. ಹದಿನೈದು ದಿನಗಳಲ್ಲಿ ತಾಯಿಗೆ ಅವನು ಹೇಳಿದ ಮೊದಲ ನಿಜ ಅದು. ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಅವಳಿಗೆ ಎಲ್ಲ ಗೊತ್ತಿತ್ತು. ಮಗ ಹೇಳಲೆಂದು ಕಾಯುತ್ತಿದ್ದಳಷ್ಟೇ.

ಆಗಲೇ ಹೊರಗೆ ಗದ್ದಲವೆದ್ದಿತು. ಮಗ್ಗ ನಿಂತದ್ದು ಕೇಳಿ ಓಣಿಯೇ ಬಂದಿತ್ತು. ಧರೆಪ್ಪ ತಲೆಯ ಟೋಪಿ ತೆಗೆದು ಮುಂದೆ ನಿಂತಿದ್ದ. ಇಬ್ಬರು ಹೆಂಗಸರು ಹೊಸ್ತಿಲಲ್ಲೇ ಹಾಡಿ ಅಳಲು ಶುರುಮಾಡಿದ್ದರು.

"ಯಾರು ಸತ್ತಾರ?" ಎಂದಳು ಇಂದ್ರವ್ವ.

"ನೀನ ಅಂತ," ಎಂದ ಚಿದಾನಂದ. ಅಳುತ್ತಲೇ ಅವನಿಗೆ ನಗು ಬಂತು.

"ಬಂದಾರಂದ್ರ ಚಾ ಮಾಡಾಕ ಹೇಳು ಅಕ್ಷತಾಗ."

ಅಳಲು ಬಂದವರು ನಾಚಿಕೊಂಡು ಒಳಗೆ ಬಂದು ಚಾ ಕುಡಿದರು. ಇಂದ್ರವ್ವ ಧರೆಪ್ಪನನ್ನು ಹತ್ತಿರ ಕರೆದಳು. ಹಿಂದೆ ಇವರು ನಡುಗೋಡೆಗೆ ತಾಗಿಸಿ ಮಗ್ಗ ಹೂಡಿದಾಗ, ನಮಗೆ ನಿದ್ದೆಯಿಲ್ಲ ಎಂದು ಅವನು ಕೇಳಲು ಬಂದಿದ್ದ. ಇವಳು ಬಾಯಿಗೆ ಬಂದಂತೆ ಬೈದು ಕಳಿಸಿದ್ದಳು. ಅದು ತನ್ನದೇ ತಪ್ಪು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದಳು. ಧರೆಪ್ಪನ ಕೈಯಲ್ಲಿದ್ದ ಚಾ ಹಾಗೇ ಆರಿಹೋಯಿತು.

ಅಂದಿನಿಂದ ದಿನವೂ ಮಧ್ಯಾಹ್ನ ಮಗ್ಗ ನಿಲ್ಲುತ್ತಿತ್ತು. ಉಸಿರು ನಿಂತು ನಿಂತು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ, ನೋಡುವವರಿಗೆ ಅನಿಸುವಷ್ಟು ಕಷ್ಟ ಅವಳಿಗೆ ಆಗುವುದಿಲ್ಲ, ಕೈ ಹಿಡಿದು ಮಾತಾಡುತ್ತಿರಬೇಕು ಎಂದು ಪದ್ಮವ್ವ ಮೊದಲೇ ಹೇಳಿಟ್ಟಳು. ಐದನೆಯ ದಿನ ಮಧ್ಯಾಹ್ನ ಹಾಗೆಯೇ ಆಯಿತು. ಚಿದಾನಂದನಿಗೆ ಭಯ ಹೋಗಿರಲಿಲ್ಲ, ಆದರೆ ಕೈ ಬಿಡಲಿಲ್ಲ. ಮಗ್ಗ ಮೊದಲೇ ನಿಂತಿದ್ದರಿಂದ ಓಣಿಗೆ ಗೊತ್ತಾಗಲಿಲ್ಲ. ಅವನೇ ಮನೆಮನೆಗೆ ಹೋಗಿ, ಅವ್ವ ಹೋದಳು ಎಂದು ಹೇಳಿ ಬಂದ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಚಿದಾನಂದ ಲಾಳಿಯ ನೂಲು ಬದಲಿಸಿ, ಬೆವರು ಒರೆಸಿಕೊಳ್ಳಲೆಂದು ಹೊರಗೆ ಬಂದಾಗ ಏನೋ ಕಡಿಮೆಯಾದಂತೆನಿಸಿತು. ಧರೆಪ್ಪನ ಮಗ್ಗ ನಿಂತಿತ್ತು. ಓಡಿದ.

ಧರೆಪ್ಪನ ಹೊಸ್ತಿಲ ಬಳಿ ಹಸಿರು ಬಾರಿನ ಚಪ್ಪಲಿಗಳಿದ್ದವು. ಕಿಟಕಿಯಲ್ಲಿ ಇಣುಕಿದ. ಮುದುಕನ ತುಟಿ ಅಲುಗುತ್ತಿತ್ತು. ಧರೆಪ್ಪ ಅವನ ಬಾಯಿಗೆ ಕಿವಿ ಹಚ್ಚಿ, ಕೇಳಿಸದೆ, "ಏನಪಾ, ಇನ್ನೊಮ್ಮಿ ಹೇಳು," ಎನ್ನುತ್ತಿದ್ದ. ಹಾಸಿಗೆಯ ಹಿಂದಿನ ನಡುಗೋಡೆ ಗಡಗಡ ಅದುರುತ್ತಿತ್ತು.

ಚಿದಾನಂದ ಒಳಗೆ ಹೋಗಲಿಲ್ಲ. ಬಂದ ದಾರಿಯಲ್ಲೇ ಓಡಿಹೋಗಿ ತನ್ನ ನಾಲ್ಕೂ ಮಗ್ಗಗಳನ್ನು ಬಂದ್ ಮಾಡಿದ.