ಕುರ್ಚಿಯಲ್ಲಿ ಕೂತ ಮೂಟೆ

ಊರಿನವರು ಅವಳನ್ನು ಸೈರನ್ ಮೇಡಂ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಬರೀ ಮೇಡಂ. ಸಮುದ್ರ ಉಕ್ಕಿ ಬಂದರೆ ಜನ ಏನು ಮಾಡಬೇಕೆಂದು ಕಲಿಸುವುದು ನಗರಸಭೆಯಲ್ಲಿ ಅವಳ ಕೆಲಸ. ಮೆಗಾಫೋನ್ ಹಿಡಿದು ಅವಳು ಕೆಳಬೀದಿಗೆ ಇಳಿದಳೆಂದರೆ ಅರ್ಧ ಗಡ್ಡ ಬೋಳಿಸಿಕೊಂಡವನೂ ಎದ್ದು ಗುಡ್ಡ ಹತ್ತಬೇಕು. ಹತ್ತದೆ ತಪ್ಪಿಸಿಕೊಂಡವನ ಮನೆ ಬಾಗಿಲಿಗೇ ಹೋಗಿ ಬೆಂಡೆತ್ತುತ್ತಿದ್ದಳು. "ನೀವು ಇಲ್ಲೇ ಕೂತು ಸಾಯಿರಿ, ನನಗೇನು? ನಿಮ್ಮನ್ನ ಹುಡುಕಿಕೊಂಡು ಬರೋರೂ ಸಾಯ್ತಾರಲ್ಲ, ಅದು ನನ್ನ ತಲೆನೋವು" ಅನ್ನುತ್ತಿದ್ದಳು.

ಪಾಠ ಮಾತ್ರ ಚಿಕ್ಕದು. ನೆಲ ಜೋರಾಗಿ ನಡುಗಿತೋ, ಸೈರನ್ನಿಗೂ ಕಾಯದೆ ಹತ್ತಿರದ ಮೆಟ್ಟಿಲು ಹಿಡಿದು ಗುಡ್ಡದ ಮೇಲಿನ ಮೈದಾನ ಸೇರಬೇಕು. ಸೇರಿದ ಮೇಲೆ ಯಾರಿಗಾಗಿಯೂ ಕೆಳಗೆ ಇಳಿಯಬಾರದು. ಗಂಡ, ಮಗು, ತಾಯಿ ಯಾರೇ ಇರಲಿ, ಅವರೂ ತಮ್ಮ ದಾರಿಯಲ್ಲಿ ಬರುತ್ತಾರೆಂದು ನಂಬಬೇಕು. ನಡೆಯಲಾಗದವರ ಮನೆಗಳಿಗೆಲ್ಲ ಅವಳು ಉದ್ದ ಹಿಡಿಗಳ ಕುರ್ಚಿ ಕೊಡಿಸಿದ್ದಳು, ಪ್ರತಿ ಕುರ್ಚಿಗೂ ಹೊರುವವರನ್ನು ಗೊತ್ತುಮಾಡಿದ್ದಳು. ಅಂಥದೊಂದು ಕುರ್ಚಿ ಅವಳ ಮನೆಯ ವರಾಂಡದಲ್ಲೂ ಇತ್ತು. ಅತ್ತೆಗೆ ಸೊಂಟದ ಮೂಳೆ ಮುರಿದು, ಕೋಲೂರಿಕೊಂಡು ಕೋಣೆಯಿಂದ ವರಾಂಡಕ್ಕೆ ಬರುವುದೇ ದೊಡ್ಡ ಪ್ರಯಾಣವಾಗಿಬಿಟ್ಟಿತ್ತು. ಅವರನ್ನು ಹೊರಬೇಕಾದವರು ಪಕ್ಕದ ಕ್ಷೌರಿಕ ಮತ್ತು ಐಸ್ ಕಾರ್ಖಾನೆಯಲ್ಲಿ ದುಡಿಯುವ ಒಬ್ಬ ದಡಿಯ.

ಮೊದಲ ಅಭ್ಯಾಸದ ದಿನ ಅತ್ತೆ ಹೊರಗೆ ಹೋಗುವ ಬಟ್ಟೆ ಉಟ್ಟು, ತಲೆ ಬಾಚಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುರ್ಚಿ ಏರಿದರು. ಮೂಳೆ ಮುರಿದ ಮೇಲೆ ಅವರು ಬೀದಿ ನೋಡಿದ್ದು ಅದೇ ಮೊದಲು. ಮನೆಮನೆಯ ಮುಂದೂ ಕುರ್ಚಿ ನಿಲ್ಲಿಸಿದರು. "ಒಂಚೂರು ಇಳಿಸ್ರಪ್ಪ, ಆ ದರ್ಜಿ ನನ್ನ ಬಟ್ಟೆ ಇಟ್ಕೊಂಡು ಯಾವ ಕಾಲ ಆಯ್ತು, ಕೇಳಿಬಿಡ್ತೀನಿ" ಎಂದರು. ದರ್ಜಿ ಆಗಲೇ ಗುಡ್ಡದ ಅರ್ಧ ದಾರಿಯಲ್ಲಿದ್ದ. ಕುರ್ಚಿ ಮೈದಾನ ಮುಟ್ಟುವ ಹೊತ್ತಿಗೆ ಊರೆಲ್ಲ ಬಂದು ಬೆವರು ಒರೆಸಿಕೊಂಡಾಗಿತ್ತು. ನೋಡಲು ಬಂದಿದ್ದ ದೊಡ್ಡ ಅಧಿಕಾರಿ ಗಡಿಯಾರ ನೋಡಿ ಮೂಗು ಮುರಿದ. "ಊರಿಗೆಲ್ಲ ಬುದ್ಧಿ ಹೇಳೋ ಮೇಡಂ ಮನೆ ಕುರ್ಚಿನೇ ಕೊನೇಲಿ ಬಂತಲ್ಲ" ಎಂದು ಯಾರೋ ಕಿಸಕ್ಕನೆ ನಕ್ಕರು. ಅತ್ತೆ ಮಾತ್ರ ಮೇಲಿಂದ ಸಮುದ್ರ ನೋಡುತ್ತ, "ಎಷ್ಟು ಚೆಂದ ಕಾಣುತ್ತೆ ನೋಡು ಇಲ್ಲಿಂದ" ಎನ್ನುತ್ತಿದ್ದರು.

ಆ ನಗು ಅವಳಿಗೆ ನಾಟಿತು. ಮುಂದಿನ ಸಲ ಮರಳು ತುಂಬಿದ ಒಂದು ಮೂಟೆಯನ್ನು ಕುರ್ಚಿಯಲ್ಲಿ ಕೂರಿಸಿ ಬೆಲ್ಟು ಬಿಗಿದಳು. ತೂಕ ಹೆಚ್ಚುಕಡಿಮೆ ಅತ್ತೆಯದೇ, ಬಾಯಿ ಮಾತ್ರ ಇಲ್ಲ. ದಡಿಯ ಅದಕ್ಕೊಂದು ಹಳೆಯ ರೇನ್‌ಕೋಟು ತೊಡಿಸಿ, ಟೋಪಿ ಎಳೆದು, ಚಿಕ್ಕತ್ತೆ ಎಂದು ಹೆಸರಿಟ್ಟ. ಚಿಕ್ಕತ್ತೆ ಯಾರನ್ನೂ ಮಾತಾಡಿಸದೆ ಎಲ್ಲರಿಗಿಂತ ಮೊದಲು ಗುಡ್ಡ ಮುಟ್ಟಿದಳು. ಅಧಿಕಾರಿ ಕೈ ಕುಲುಕಿದ. ಬಂದರಿನ ಗೇಟಿನ ಮೇಲೆ 'ಸುನಾಮಿಗೆ ಸಜ್ಜಾದ ಊರು' ಎಂಬ ಫಲಕ ಬಂತು.

ಒಂದು ಸಲಕ್ಕೆ ಅಂತ ಶುರುವಾದದ್ದು ಅಲ್ಲಿಗೆ ನಿಲ್ಲಲಿಲ್ಲ. ಚಿಕ್ಕತ್ತೆ ಕುರ್ಚಿಯಲ್ಲೇ ಠಿಕಾಣಿ ಹೂಡಿದಳು. ಸೈರನ್ ಆದ ಕೂಡಲೇ ಇಬ್ಬರೂ ಓಡಿ ಬಂದು ವರಾಂಡದಿಂದ ಕುರ್ಚಿ ಎತ್ತುವುದು, ಓಡುವುದು, ಅಷ್ಟೇ. ಪ್ರತಿ ಅಭ್ಯಾಸದ ಹಿಂದಿನ ದಿನವೂ ಅತ್ತೆ ಕೇಳುತ್ತಿದ್ದರು.

"ಈ ಸಲ ನಾನೂ ಬರ್ತೀನಮ್ಮ. ದಾರೀಲಿ ಬಾಯಿ ಬಿಡಲ್ಲ, ಆಯ್ತಾ?"

"ಬರೀ ಅಭ್ಯಾಸ ಅತ್ತೆ, ಸುಮ್ನೆ ನಿಮಗ್ಯಾಕೆ ಆಯಾಸ? ನಿಜವಾಗಿ ಬಂದಾಗ ಮೊದಲು ಎತ್ತೋದೇ ನಿಮ್ಮನ್ನ."

ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವ ಗಂಡ ಒಮ್ಮೆ, ಅಮ್ಮನನ್ನು ಯಾಕೆ ಕರೆದುಕೊಂಡು ಹೋಗುವುದಿಲ್ಲ ಎಂದು ಕೇಳಿದ. ಅವಳು ಪಾತ್ರೆ ಉಜ್ಜುತ್ತಲೇ, "ಅವರೇ ಬರಲ್ಲ ಅಂತಾರೆ ಕಣ್ರೀ, ಹಠ" ಎಂದುಬಿಟ್ಟಳು. ಅವನು ನಕ್ಕು ಸುಮ್ಮನಾದ. ಅಮ್ಮನ ಹಠ ಅವನಿಗೂ ಗೊತ್ತಿದ್ದದ್ದೇ. ಇಷ್ಟು ಸಲೀಸಾಗಿ ಸುಳ್ಳು ಬಂತಲ್ಲ ಎಂದು ಅವಳಿಗೇ ಕಸಿವಿಸಿಯಾಯಿತು. ಪಾತ್ರೆ ಮುಗಿದ ಮೇಲೆ ಅದೂ ಮರೆತುಹೋಯಿತು.

ನೆಲ ನಡುಗಿದ್ದು ಒಂದು ಮಧ್ಯಾಹ್ನ. ನಗರಸಭೆಯ ಕಪಾಟಿನಿಂದ ಫೈಲುಗಳೆಲ್ಲ ದಬದಬ ಬಿದ್ದವು. ನಡುಕ ನಿಲ್ಲುವ ಲಕ್ಷಣವೇ ಕಾಣದಾಗ ಅವಳು ಗೋಡೆ ಹಿಡಿದುಕೊಂಡೇ ಹೋಗಿ ಸೈರನ್ನಿನ ಗುಂಡಿ ಒತ್ತಿದಳು. ಮೆಗಾಫೋನ್ ಹಿಡಿದು ಕಚೇರಿಯ ಹಿಂದಿನ ಮೆಟ್ಟಿಲುಗಳಿಂದ ಜನರನ್ನು ಹತ್ತಿಸುತ್ತ ತಾನೂ ಹತ್ತಿದಳು. ಎದೆ ಹೊಡೆದುಕೊಳ್ಳುತ್ತಿದ್ದರೂ ಒಳಗೊಳಗೇ ಹೆಮ್ಮೆ. ಒಬ್ಬನೂ ಗಂಟುಮೂಟೆ ಕಟ್ಟುತ್ತ ನಿಂತಿರಲಿಲ್ಲ, ಒಬ್ಬಳೂ ಹಿಂದಕ್ಕೆ ಓಡಲಿಲ್ಲ. ಗಂಡನೂ ಬಂದರಿನ ದಾರಿಯಿಂದ ಗ್ರೀಸು ಮೆತ್ತಿದ ಕೈಯಲ್ಲೇ ಹತ್ತಿ ಬಂದ. ಅಷ್ಟರಲ್ಲಿ ಕುರ್ಚಿಗಳು ಬರತೊಡಗಿದವು. ಮೊದಲು ಬಂದದ್ದು ಅವಳ ಮನೆಯದೇ.

ಕ್ಷೌರಿಕ, ದಡಿಯ ಇಬ್ಬರೂ ಏದುಸಿರು ಬಿಡುತ್ತ ಕುರ್ಚಿ ಇಳಿಸಿದರು. ರೇನ್‌ಕೋಟಿನ ಟೋಪಿ ಮುಂದಕ್ಕೆ ಬಾಗಿತ್ತು. ಗಂಡ ಓಡಿ ಬಂದು "ಅಮ್ಮಾ" ಎನ್ನುತ್ತ ಟೋಪಿ ಸರಿಸಿದ. ಒಳಗೆ ಚಿಕ್ಕತ್ತೆ.

ದಡಿಯನ ಮುಖ ಸುಣ್ಣದ ಹಾಗೆ ಬಿಳಿಚಿತು. "ಮೇಡಂ, ಕೈಗೆ ಅದೇ ರೂಢಿ ಆಗ್ಬಿಟ್ಟಿತ್ತು..." ಎಂದು ತೊದಲಿದ. ಅವನನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ. ರೂಢಿ ಮಾಡಿಸಿದವಳು ಅವಳೇ. ಹೆದರಿಕೆಯಲ್ಲಿ ತಲೆ ಓಡದಿದ್ದರೂ ಕೈಕಾಲು ಕಲಿತದ್ದನ್ನು ಮಾಡಲಿ ಅಂತ ತಾನೇ ಅಭ್ಯಾಸ? ಅವು ಕಲಿತದ್ದನ್ನೇ ಮಾಡಿದ್ದವು.

ಗಂಡ ಮೆಟ್ಟಿಲ ಕಡೆಗೆ ನುಗ್ಗಿದ. ಅವಳು ಅಡ್ಡ ಬಂದು ಮೆಟ್ಟಿಲ ಎರಡೂ ಬದಿಯ ಕಂಬಿ ಹಿಡಿದು ನಿಂತಳು.

"ಬಿಡು."

"ಇಳಿಯೋ ಹಾಗಿಲ್ಲ."

"ಕೆಳಗಿರೋದು ನನ್ನಮ್ಮ ಕಣೇ!"

ಅವನ ಹಿಂದೆ ಊರೇ ನಿಂತು ನೋಡುತ್ತಿತ್ತು. ನಾಯಿಯನ್ನು ಕಟ್ಟಿಹಾಕಿ ಬಂದ ಬಲೆ ಹೆಣೆಯುವ ಹೆಂಗಸು, ತನ್ನ ತಮ್ಮ ಇನ್ನೂ ಬಂದಿಲ್ಲವೆಂದು ಕತ್ತು ಉದ್ದ ಮಾಡಿ ನಿಂತಿದ್ದ ದರ್ಜಿ. ಇವನೊಬ್ಬ ಇಳಿದರೆ ಅವರೂ ಇಳಿಯುತ್ತಾರೆ, ಅವರನ್ನು ನೋಡಿ ಮತ್ತಷ್ಟು ಜನ. ಅವಳು ಹೆಗಲಲ್ಲಿ ನೇತಾಡುತ್ತಿದ್ದ ಮೆಗಾಫೋನ್ ಬಾಯಿಗಿಟ್ಟು, "ಯಾರೂ ಇಳಿಯಬಾರದು" ಎಂದು ಕೂಗಿದಳು. ತನ್ನ ದನಿ ತನಗೇ ಅಸಹ್ಯವಾಯಿತು. ತಪ್ಪು ಮಾಡಿದವಳು ತಾನು, ಬೆಲೆ ತೆರುತ್ತಿರುವವರು ಅತ್ತೆ, ಅವರ ಮಗನನ್ನು ತಡೆದು ನಿಂತವಳೂ ತಾನೇ. ದೇವರೇ, ನನ್ನನ್ನು ಬೇಕಾದರೆ ತಗೋ ಎಂದುಕೊಂಡಳು. ಅಂದುಕೊಳ್ಳುವುದಕ್ಕೇನು, ಅವಳು ನಿಂತಿದ್ದದ್ದು ಗುಡ್ಡದ ಮೇಲೆ.

ನೀರು ಬಂತು. ಹೆದರಿದಷ್ಟು ದೊಡ್ಡದಲ್ಲ. ಬಂದರಿನ ಗೋಡೆ ಹತ್ತಿ, ದೋಣಿಗಳನ್ನು ಅಡ್ಡಡ್ಡ ಎಸೆದು, ಕೆಳಬೀದಿಯಲ್ಲಿ ಕಂದು ಬಣ್ಣದಲ್ಲಿ ಹರಡಿತು. ಮೇಲಿಂದ ಕಾಣುತ್ತಿದ್ದದ್ದು ಮನೆಗಳ ಮಾಡು ಮಾತ್ರ. ಬಾಗಿಲುಗಳು ಎಷ್ಟು ಮುಳುಗಿವೆಯೋ ತಿಳಿಯಲಿಲ್ಲ. ಗಂಡ ನೆಲದ ಮೇಲೆ ಕುಸಿದು ಕೂತ, ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಅಪಾಯ ಕಳೆಯಿತೆಂಬ ಸುದ್ದಿ ರೇಡಿಯೋದಲ್ಲಿ ಬಂದ ಮೇಲೆ ಎಲ್ಲರಿಗಿಂತ ಮುಂದೆ ಓಡಿದವನು ಅವನೇ, ಅವನ ಹಿಂದೆ ಅವಳು, ಅವಳ ಹಿಂದೆ ಅರ್ಧ ಬೀದಿ. ವರಾಂಡದಲ್ಲಿ ಕೆಸರು, ಬೆಂಚು ತಲೆಕೆಳಗಾಗಿ ಬಿದ್ದಿತ್ತು. ಒಳಗೆ ತಾರಸಿಗೆ ಹೋಗುವ ಮೆಟ್ಟಿಲ ನಡುವೆ ಅತ್ತೆ ಕೂತಿದ್ದರು. ಹೊರಗೆ ಹೋಗುವ ಬಟ್ಟೆ, ಬಾಚಿದ ತಲೆ, ಕುತ್ತಿಗೆಗೆ ನೇತುಹಾಕಿಕೊಂಡ ಕೈಚೀಲ. ಮೊಣಕಾಲ ಕೆಳಗೆಲ್ಲ ಕೆಸರು. ಕುಳಿತಲ್ಲಿಂದಲೇ ಹಿಮ್ಮುಖವಾಗಿ, ಕೈಯೂರಿ ಒಂದೊಂದೇ ಮೆಟ್ಟಿಲು ಮೈಯನ್ನು ಮೇಲಕ್ಕೆ ಎಳೆದುಕೊಂಡಿದ್ದರು. ಅಂಗೈಯ ಚರ್ಮ ಕಿತ್ತು ರಕ್ತ ಬಂದಿತ್ತು.

ಮಗ ಅವರನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತ. ಅತ್ತು ಮುಗಿದದ್ದೇ ಸಿಟ್ಟು ಬಂತು. ಹೆದರಿದವರಿಗೆ ಬರುವ ಸಿಟ್ಟು, ಅದು ಎದುರಿಗಿದ್ದವರ ಮೇಲೇ ಬೀಳುವುದು.

"ಏನಮ್ಮ ನಿನ್ನ ಹಠ? ಪ್ರತಿ ಸಲ ಕರೆದ್ರೂ ಬರಲ್ಲ ಬರಲ್ಲ ಅಂತಿದ್ಯಂತೆ. ಅದಕ್ಕೇ ಇವರು ಮೂಟೆ ಹೊರೋ ಹಾಗಾಯ್ತು. ಇವತ್ತು ನೀನು ಹೋಗಿಬಿಟ್ಟಿದ್ರೆ?"

ಅತ್ತೆ ತಲೆಯೆತ್ತಿ ಮಗನನ್ನು ನೋಡಿದರು. ಆಮೇಲೆ ಅವನ ಭುಜದ ಮೇಲಿಂದ ಸೊಸೆಯನ್ನು ನೋಡಿದರು. ಸೊಸೆಗೆ ಕಾಲಡಿಯ ನೆಲ ಮತ್ತೆ ನಡುಗಿದ ಹಾಗಾಯಿತು. ಹೇಳಬೇಕು, ಈಗಲೇ ಹೇಳಬೇಕು ಎಂದು ಬಾಯಿ ತೆರೆದಳು. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಹೌದಪ್ಪ" ಎಂದರು ಅತ್ತೆ. "ನಾನೇ ಬರಲ್ಲ ಅಂದೆ. ನಿಜವಾಗಿ ಬಂದ್ರೂ ನನ್ನ ಮುಟ್ಟಬೇಡಿ ಅಂತ ಇವರಿಗೂ ಹೇಳಿಟ್ಟಿದ್ದೆ."

ಕ್ಷೌರಿಕ ಏನೋ ಹೇಳಲು ಹೋದ. ಅತ್ತೆ ಕಣ್ಣಲ್ಲೇ ಗದರಿದರು. ಅವನು ತಲೆ ತಗ್ಗಿಸಿದ. ವಯಸ್ಸಾದ ಮೇಲೆ ಎಲ್ಲರೂ ಹೀಗೇ, ಹೇಳಿದ ಮಾತು ಕೇಳುವುದಿಲ್ಲ ಎಂದು ಬಾಗಿಲಲ್ಲಿದ್ದವರು ಬಾಯಿಗೊಂದೊಂದು ಆಡಿಕೊಂಡರು. ಅತ್ತೆ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದವರಂತೆ ಕೈಚೀಲದ ಕೆಸರು ಒರೆಸುತ್ತ ಕೂತರು.

ಜನ ಕರಗಿದ ಮೇಲೆ ಗಂಡ ವರಾಂಡದ ಕೆಸರು ತೆಗೆಯಲು ಸಲಿಕೆ ಹಿಡಿದ. ಅವಳು ಅತ್ತೆಯ ಅಂಗೈಗಳಿಗೆ ಬ್ಯಾಂಡೇಜು ಕಟ್ಟಿ, ಬಿಸಿನೀರು ತಂದು ಅವರ ಕಾಲು ತೊಳೆಯತೊಡಗಿದಳು. ಬೆರಳ ಸಂದಿಯ ಮರಳು ಎಷ್ಟು ತೊಳೆದರೂ ಬರುತ್ತಲೇ ಇತ್ತು.

"ಯಾಕತ್ತೆ ಹಾಗೆ ಹೇಳಿದ್ರಿ?"

"ಮತ್ತೇನು ಹೇಳಲಿ? ಅವನ ಮುಖ ನೋಡಿದ್ಯಾ? ನಿನ್ನ ಮೇಲೆ ಆ ಸಿಟ್ಟು ಬಂದಿದ್ರೆ ಇಳೀತಿರಲಿಲ್ಲ. ನಾನಾದ್ರೆ ತಾಯಿ, ಊಟದ ಹೊತ್ತಿಗೆ ಸರಿಹೋಗ್ತಾನೆ."

ಅವಳ ಕೈ ನಿಂತಿತು. "ನೀವು ಕೋಣೇಲಿದ್ರಾ, ಅವರು ಬಂದಾಗ?"

"ಬಾಗಿಲ ಹತ್ರ ಬಂದಿದ್ದೆ. ಬಟ್ಟೆ ಬದಲಾಯಿಸ್ತಾ ತಡ ಆಯ್ತು. ನೀನೇ ಹೇಳಿದ್ಯಲ್ಲ, ನಿಜವಾಗಿ ಬಂದಾಗ ಮೊದಲು ನನ್ನನ್ನೇ ಅಂತ. ಅವರು ಕುರ್ಚಿ ಎತ್ಕೊಂಡು ಗೇಟು ದಾಟಿದ್ದು ಕಾಣ್ತು. ಕೂಗಿದೆ ಕಣಮ್ಮ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದೆ. ಕೇಳಿಸಲಿಲ್ಲ ಅವರಿಗೆ. ನಿನ್ನ ಸೈರನ್ ಜೋರಾಗಿತ್ತು."

ಆ ಮಾತಿನಲ್ಲಿ ಚುಚ್ಚುವಿಕೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವಳು ಆ ಒದ್ದೆ ಕಾಲಿನ ಮೇಲೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಅತ್ತೆ ಬ್ಯಾಂಡೇಜು ಕಟ್ಟಿದ ಕೈಯನ್ನು ಅವಳ ತಲೆಯ ಮೇಲಿಟ್ಟು, "ನೀರು ಆರ್ತಾ ಇದೆ, ಬೇಗ ತೊಳಿ" ಎಂದರು.

ಕಾಲು ಒರೆಸಿ ಅವಳು ವರಾಂಡಕ್ಕೆ ಬಂದಳು. ದಡಿಯ ಯಾವಾಗಲೋ ಕುರ್ಚಿ ತಂದಿಟ್ಟು ಹೋಗಿದ್ದ, ಚಿಕ್ಕತ್ತೆ ಬೆಲ್ಟು ಕಟ್ಟಿಕೊಂಡು ಠೀವಿಯಿಂದ ಕೂತಿದ್ದಳು. ಅವಳು ಬೆಲ್ಟು ಬಿಚ್ಚಿದಳು, ರೇನ್‌ಕೋಟು ಕಿತ್ತಳು, ಮೂಟೆಯನ್ನು ಅಂಗಳಕ್ಕೆ ಎಳೆದು ಬಾಯಿ ಬಿಚ್ಚಿ ಮರಳನ್ನೆಲ್ಲ ಸುರಿದಳು. ಗಂಡ ಸಲಿಕೆ ನಿಲ್ಲಿಸಿ ನೋಡಿದ.

"ಅಮ್ಮ ಯಾವತ್ತೂ ಬರಲ್ಲ ಅಂದಿರಲಿಲ್ಲ" ಎಂದಳು. "ಪ್ರತಿ ಸಲ ಬರ್ತೀನಿ ಅಂತ ಕೇಳ್ತಿದ್ರು. ನಾನೇ ಬೇಡ ಅಂದೆ. ನಿಮಗೆ ಸುಳ್ಳು ಹೇಳಿದೆ."

ಅವನು ಸಲಿಕೆಯನ್ನು ಗೋಡೆಗೆ ಒರಗಿಸಿ, ಅವಳನ್ನು ದಾಟಿಕೊಂಡು ಒಳಗೆ ಹೋದ. ಅಮ್ಮನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತದ್ದು ಅವಳಿಗೆ ಹೊರಗಿನಿಂದಲೇ ಕಾಣಿಸಿತು.

"ಮೂಟೆ ಖಾಲಿ ಮಾಡಿದ್ಯಾ?" ಒಳಗಿಂದ ಅತ್ತೆ ಕೂಗಿದರು. "ಹಾಗಾದ್ರೆ ಆ ಕುರ್ಚಿ ಚೆನ್ನಾಗಿ ಒರೆಸಿಡು. ಒದ್ದೇಲಿ ನಾನು ಕೂರಲ್ಲ."

ಈ ಸಲ ಮಾತು ಸ್ಪಷ್ಟವಾಗಿ ಕೇಳಿಸಿತು. ಅವಳು ಬಟ್ಟೆ ತಂದು, ಅಂಗಳದಲ್ಲಿ ಒಬ್ಬಳೇ ಕೂತು ಕುರ್ಚಿ ಒರೆಸಿದಳು.