ಗಾದಿಗನೂರಿನಲ್ಲಿ ಒಂದು ತಾಸು

ಸುಮಲತಾಳ ಎಡಗಾಲಿಗೆ ಬಲವಿರಲಿಲ್ಲ. ಕ್ಲಚ್ ಇಲ್ಲದ ಗಾಡಿ ಬೇಕೆಂದು ಎರಡು ವರ್ಷ ಹಳೆಯ ಪುಟ್ಟ ಬ್ಯಾಟರಿ ಕಾರು ಕೊಂಡಿದ್ದಳು. ಅದೀಗ ಗಾದಿಗನೂರಿನ ಹತ್ತಿರ, ಎರ್ರಿಯಪ್ಪನ ಲಾರಿ ಬ್ಯಾಟರಿ ಅಂಗಡಿಯ ಮುಂದೆ ನಿಂತಿತ್ತು. ಇಬ್ಬರು ಕ್ಲೀನರ್‌ಗಳು ನಗುತ್ತಾ ತಳ್ಳಿ ತಂದಿದ್ದರು.

ಸಂಡೂರಿನ ಒಂದು ಗಣಿ ಆಸ್ಪತ್ರೆಯಲ್ಲಿ ಅವಳಿಗೆ ಲ್ಯಾಬ್ ಟೆಕ್ನಿಶಿಯನ್ ಕೆಲಸ ಸಿಕ್ಕಿತ್ತು. ಹೊಸಪೇಟೆಯಿಂದ ದಿನಾ ಹೇಗೆ ಓಡಾಡುತ್ತೀ ಎಂದು ಅಲ್ಲಿನ ಮ್ಯಾನೇಜರು ಅವಳ ಕಾಲು ನೋಡುತ್ತಲೇ ಕೇಳಿದ್ದ. ಸ್ವಂತ ಗಾಡಿಯಲ್ಲಿ ಎಂದಿದ್ದಳು. ಹಾಗಾದರೆ ಅದರಲ್ಲೇ ಬಂದು ಸಹಿ ಮಾಡು ಎಂದು ಗಡುವು ಕೊಟ್ಟಿದ್ದ. ಇವತ್ತು ಸಂಜೆ ಆರು. ಕಾರು ಘಾಟಿ ಏರಲಾರದೆಂದು ಅವಳು ಸುತ್ತುದಾರಿ ಹಿಡಿದಿದ್ದಳು. ಅದಿರಿನ ಲಾರಿಗಳ ಸಾಲಿನಲ್ಲಿ ಒಂದಿಷ್ಟು ಸರಿದು, ನಿಂತು, ಮತ್ತೆ ಸರಿದು ಬ್ಯಾಟರಿ ಇಳಿದುಹೋಗಿತ್ತು.

ಕಾರಿನ ವೈರನ್ನೇ ಪ್ಲಗ್ಗಿಗೆ ಹಾಕಿದರೆ ಎಂಟು ತಾಸು ಬೇಕು. ಕರೆಂಟು ನಾಲ್ಕಕ್ಕೆ ಹೋಗುತ್ತದೆ. ಈಗ ಮೂರು.

ಎರ್ರಿಯಪ್ಪ ಸೀಟಿನಡಿ ಬಗ್ಗಿ ಬ್ಯಾಟರಿಗಳನ್ನು ಎಣಿಸಿದ. "ಎಂಟು ಸಣ್ಣವು ಅಂದ್ರ ನಾಕು ಲಾರಿ ಬ್ಯಾಟ್ರಿ ಆತು. ದಿನಾ ಹಾಕ್ತೀನಿ ಬಿಡ್ರಿ ಅಕ್ಕಾರ. ನಿಧಾನಕ್ಕ ನಲವತ್ತು ರೂಪಾಯಿ, ಜಲ್ದಿಗೆ ನೂರಾ ಐವತ್ತು."

"ಜಲ್ದಿ ಕೊಟ್ರ ಏನೂ ಆಗಂಗಿಲ್ಲಲ್ರೀ?"

"ಲಾರ್ಯೋರು ಎಂಟು ತಾಸು ಕುಂತು ಕಾಯ್ತಾರೇನ್ರಿ? ಎಲ್ಲಾರ್ಗೂ ಜಲ್ದೀನ."

ಬೇಕಾದರೆ ಬೈಕಿನಲ್ಲಿ ಬಿಡುತ್ತೇನೆಂದೂ ಹೇಳಿದ. ಬೈಕಿನಿಂದ ಇಳಿದರೆ ಮ್ಯಾನೇಜರು ಏನೆನ್ನುತ್ತಾನೆಂದು ಅವಳಿಗೆ ಗೊತ್ತಿತ್ತು. ಕಾರಿಗೇ ಹಾಕ್ರಿ ಎಂದಳು.

ಲಾರಿ ಬ್ಯಾಟರಿಗೆ ಮಾಡುವುದನ್ನೇ ಅವನು ಮಾಡಿದ. ಮುಚ್ಚಳ ತೆಗೆದು ಕತ್ತಿನವರೆಗೆ ನೀರು ತುಂಬಿದ, ಮುಚ್ಚಳ ಬಿಗಿದ, ಕ್ಲಿಪ್ಪು ಹಚ್ಚಿದ. ಚಾರ್ಜರನ್ನು ಕೊನೆಯ ಅಂಕಿಗೆ ತಿರುಗಿಸಿ ಚಹಾ ಕುಡಿಯಲು ಹೋದ. ಸುಮಲತಾ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದಳು.

ಮೂರೂವರೆ ದಾಟಿದ ಮೇಲೆ ಸೀಟಿನಡಿಯಿಂದ ಕುದಿಯುವ ಸದ್ದು ಬಂತು. ಕೊಳೆತ ಮೊಟ್ಟೆಯ ವಾಸನೆ ಬಂತು. ಸ್ವಿಚ್ಚು ಅಂಗಡಿಯ ಒಳಗೋಡೆಯಲ್ಲಿತ್ತು, ಹತ್ತು ಹೆಜ್ಜೆ. ಗೋಡೆ ಹಿಡಿದುಕೊಂಡು ಅವಳು ಅದನ್ನು ಮುಟ್ಟುವಷ್ಟರಲ್ಲಿ ಕತ್ತಿನವರೆಗೆ ತುಂಬಿದ್ದ ಬ್ಯಾಟರಿಗಳ ಆಸಿಡ್ಡು ಕಾದು ಉಕ್ಕಿ ಕಾರಿನ ಕೆಳಗೆ ಹರಿದು ಕೆಂಪು ಮಣ್ಣಿನಲ್ಲಿ ನೊರೆ ಎಬ್ಬಿಸುತ್ತಿತ್ತು.

ಎರ್ರಿಯಪ್ಪ ಓಡಿಬಂದ. ಒಂದೊಂದೇ ಮುಚ್ಚಳ ತೆಗೆದು ನೋಡಿದ. ಲಾರಿದು ಹಿಂಗ ಆಗಂಗಿಲ್ರಿ ಎಂದು ಎರಡು ಸಲ ಹೇಳಿದ. ದುಡ್ಡು ಕೇಳಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಕರೆಂಟು ಹೋಯಿತು. ಹೊರಗೆ ಲಾರಿಗಳು ಒಂದಿಷ್ಟು ಸರಿದು ನಿಂತವು.

ಎಂಟರಲ್ಲಿ ಐದು ಬ್ಯಾಟರಿ ಹೋಗಿದ್ದವು. ಆರು ಗಂಟೆಗೆ ಕೆಲಸವೂ ಹೋಯಿತು.